ಕೀಬೋರ್ಡಿನಲ್ಲಿ ಅಷ್ಟೊಂದು ಕೀಗಳಿವೆಯಲ್ಲ, ಎಲ್ಲವನ್ನೂ ಕಲಿಯಲೇಬೇಕಾ?

ಹೊಸದಾಗಿ ಆಫೀಸ್ ಕೆಲಸಕ್ಕೆ ಸೇರಿದ್ದೀರಿ, ಅಕ್ಷರದ ಕೀಗಳು ಗೊತ್ತು, ಉಳಿದವನ್ನು ಮುಟ್ಟೋಕೆ ಭಯ, ಒಮ್ಮೊಮ್ಮೆ "ತಾನಾಗೇ ಏನೋ ಆಗಿಬಿಡುತ್ತದೆ" ಎಂದು ಬರೆದಿದ್ದೀರಿ. ನಾನು ಡಿಟಿಪಿ ಕೆಲಸದವನು. ಹೊಟ್ಟೆಪಾಡೇ ಕೀಬೋರ್ಡ್. ಆದರೂ ನನಗೆ ಎಲ್ಲ ಕೀಗಳೂ ಬೇಕಾಗುವುದಿಲ್ಲ. ನಿಮಗೂ ಬೇಡ.

ಆ "ತಾನಾಗೇ" ಆಗುವುದನ್ನೇ ಮೊದಲು ನೋಡೋಣ. ಅದು ಹೆಚ್ಚಾಗಿ ನಾಲ್ಕು ಕೀಗಳ ಕೆಲಸ: ಕ್ಯಾಪ್ಸ್ ಲಾಕ್, ನಮ್ ಲಾಕ್, ಸ್ಕ್ರಾಲ್ ಲಾಕ್, ಇನ್ಸರ್ಟ್. ಬೇರೆ ಕೀ ಒತ್ತಿ ಬಿಟ್ಟರೆ ಅದರ ಕೆಲಸ ಅಲ್ಲಿಗೇ ಮುಗಿಯಿತು. ಇವು ಫ್ಯಾನಿನ ಸ್ವಿಚ್ ಇದ್ದಂತೆ. ಒಮ್ಮೆ ಒತ್ತಿದರೆ, ಮತ್ತೆ ಒತ್ತುವವರೆಗೂ ಆನ್ ಆಗಿಯೇ ಇರುತ್ತವೆ. ಗೊತ್ತಿಲ್ಲದೆ ಕೈ ತಗುಲಿರುತ್ತದೆ, ಎಡವಟ್ಟು ಆಮೇಲೆ ಕಾಣಿಸುತ್ತದೆ.

ಪಾಸ್‌ವರ್ಡ್ ಸರಿಯಾಗೇ ಹಾಕಿದರೂ ತಪ್ಪು ಅಂತ ಬರುತ್ತಿದ್ದರೆ ಮೊದಲು ಕ್ಯಾಪ್ಸ್ ಲಾಕ್ ದೀಪ ನೋಡಿ. ಬಲಗಡೆಯ ಅಂಕಿಗಳನ್ನು ಒತ್ತಿದಾಗ ಅಂಕಿ ಬೀಳದೆ ಕರ್ಸರ್ ಓಡಾಡಿದರೆ ನಮ್ ಲಾಕ್ ಆಫ್ ಆಗಿದೆ ಅಂತ ಅರ್ಥ. ಈ ಕೀ ಯಾಕಾದರೂ ಇದೆ ಅನಿಸುತ್ತದೆ ಅಲ್ವಾ? 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಕೀಬೋರ್ಡಿನಲ್ಲಿ ಇದ್ದದ್ದು 83 ಕೀ. ಆರೋ ಕೀಗಳು ಬೇರೆ ಇರಲಿಲ್ಲ. ಅಂಕಿಗಳ ಕೀಗಳೇ ಆರೋ ಕೆಲಸವನ್ನೂ ಮಾಡಬೇಕಿತ್ತು. ಈಗ ಯಾವ ಕೆಲಸ ಅಂತ ಹೇಳೋಕೆ ನಮ್ ಲಾಕ್ ಬೇಕಾಯಿತು. ಆಮೇಲೆ 101 ಕೀಗಳ ಕೀಬೋರ್ಡಿನಲ್ಲಿ ಆರೋಗಳಿಗೆ ಬೇರೆ ಜಾಗ ಸಿಕ್ಕಿತು. ನಮ್ ಲಾಕ್ ಮಾತ್ರ ಹೋಗಲಿಲ್ಲ.

ಎಕ್ಸೆಲ್‌ನಲ್ಲಿ ಆರೋ ಒತ್ತಿದರೆ ಪಕ್ಕದ ಸೆಲ್‌ಗೆ ಹೋಗದೆ ಇಡೀ ಶೀಟೇ ಜರುಗುತ್ತಿದೆಯಾ? ಅದು ಸ್ಕ್ರಾಲ್ ಲಾಕ್. ಬಹಳ ಜನ ಫೈಲೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಯೇ ಇಲ್ಲ. ಆಗ ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆಯಿರಿ, ಅದರಲ್ಲಿ ಸ್ಕ್ರಾಲ್ ಲಾಕ್ ಸಿಗುತ್ತದೆ. ಇನ್ನು ಇನ್ಸರ್ಟ್. ನಡುವೆ ಒಂದು ಪದ ಸೇರಿಸಲು ಹೋದಾಗ ಮುಂದಿನ ಅಕ್ಷರಗಳು ಅಳಿಸುತ್ತಾ ಹೋದರೆ ಇದನ್ನು ಒಮ್ಮೆ ಒತ್ತಿ, ಸರಿಹೋಗುತ್ತದೆ.

ಶಿಫ್ಟ್, ಕಂಟ್ರೋಲ್, ಆಲ್ಟ್ ಸಾಮಾನ್ಯವಾಗಿ ಜೊತೆಗೆ ಇನ್ನೊಂದು ಕೀ ಇಲ್ಲದೆ ಕೆಲಸ ಮಾಡುವುದಿಲ್ಲ. ಶಿಫ್ಟ್ ಬಂದದ್ದು ಟೈಪ್‌ರೈಟರಿನಿಂದ, 1878ರ ರೆಮಿಂಗ್ಟನ್ 2ರಿಂದ. ಅದರಲ್ಲಿ ಒಂದೇ ಕಡ್ಡಿಯ ತುದಿಯಲ್ಲಿ ಚಿಕ್ಕದು, ದೊಡ್ಡದು ಎರಡೂ ಅಕ್ಷರ ಇರುತ್ತಿದ್ದವು. ಶಿಫ್ಟ್ ಒತ್ತಿದರೆ ಕಾಗದ ಸುತ್ತಿದ ರೋಲರೇ ಜರುಗಿ, ದೊಡ್ಡ ಅಕ್ಷರ ಅಚ್ಚಾಗುತ್ತಿತ್ತು.

ಮೂರರಲ್ಲಿ ಜಾಸ್ತಿ ಅಭ್ಯಾಸ ಮಾಡಬೇಕಾದದ್ದು ಕಂಟ್ರೋಲ್. ಕೆಳಸಾಲಿನ ಎಡತುದಿಯಲ್ಲಿ ಝಡ್, ಎಕ್ಸ್, ಸಿ, ವಿ ಒಂದರ ಪಕ್ಕ ಒಂದು ಇವೆ. ಕಂಟ್ರೋಲ್ ಜೊತೆ ಒತ್ತಿದರೆ ಕ್ರಮವಾಗಿ ಮಾಡಿದ್ದನ್ನು ರದ್ದು ಮಾಡುವುದು, ಕಟ್, ಕಾಪಿ, ಪೇಸ್ಟ್. ಕಟ್-ಕಾಪಿ-ಪೇಸ್ಟನ್ನು ಬೆಳಕಿಗೆ ತಂದವರು ಲ್ಯಾರಿ ಟೆಸ್ಲರ್, 1970ರ ದಶಕದಲ್ಲಿ, ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಬಲಗೈ ಮೌಸಿನ ಮೇಲಿದ್ದರೆ ಎಡಗೈಯೊಂದರಲ್ಲೇ ನಾಲ್ಕನ್ನೂ ಒತ್ತಬಹುದು. ಇಂದು ಒಂದೇ ಕಲಿಯುತ್ತೇನೆ ಅಂದರೆ ಕಂಟ್ರೋಲ್-ಝಡ್ ಕಲಿಯಿರಿ. ಅದು ಕೈಯಲ್ಲಿದ್ದರೆ ಅರ್ಧ ಭಯ ಹೋಗುತ್ತದೆ.

ಕಂಟ್ರೋಲ್-ಆಲ್ಟ್-ಡಿಲೀಟ್ ಬಗ್ಗೆ ಹೆದರಿಸಿರುತ್ತಾರೆ. ಈ ಜೋಡಣೆ ತಂದವರು ಐಬಿಎಂ ಎಂಜಿನಿಯರ್ ಡೇವಿಡ್ ಬ್ರಾಡ್ಲಿ. ಆಗ ಅದು ಕಂಪ್ಯೂಟರನ್ನು ನೇರ ರೀಸ್ಟಾರ್ಟ್ ಮಾಡುತ್ತಿತ್ತು, ಕೈ ತಗುಲಿ ಆಗಬಾರದು ಅಂತಲೇ ದೂರದೂರದ ಕೀಗಳನ್ನು ಆರಿಸಿದ್ದರು. ಈಗಿನ ವಿಂಡೋಸ್‌ನಲ್ಲಿ ಸುಮ್ನೆ ಒಂದು ಮೆನು ಬರುತ್ತದೆ, ಅಷ್ಟೇ.

ಮೇಲಿನ ಸಾಲಿನ ಎಫ್ ಕೀಗಳನ್ನು ಬಾಯಿಪಾಠ ಮಾಡಬೇಡಿ. ಅವುಗಳ ಕೆಲಸ ತೆರೆದಿರುವ ಪ್ರೋಗ್ರಾಮಿನ ಮೇಲೆ ನಿಂತಿದೆ. ಬ್ರೌಸರಿನಲ್ಲಿ ಎಫ್5 ಪುಟವನ್ನು ಮತ್ತೆ ಲೋಡ್ ಮಾಡುತ್ತದೆ. ನಮ್ಮ ಬೆಂಗಳೂರಿನದೇ ಆದ, ಲೆಕ್ಕಪತ್ರ ಇಡುವ ಟ್ಯಾಲಿ ಪ್ರೋಗ್ರಾಮಿನಲ್ಲಿ ಅದೇ ಎಫ್5 ಪೇಮೆಂಟ್ ವೋಚರ್. ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ. ನಿಮ್ಮ ಆಫೀಸಿನಲ್ಲಿ ಟ್ಯಾಲಿ ಇದ್ದರೆ ಈ ನಾಲ್ಕು ಕೀಗಳೂ ಒಂದು ವಾರದೊಳಗೆ ಬೆರಳಿಗೇ ಬಂದುಬಿಡುತ್ತವೆ. ಲ್ಯಾಪ್‌ಟಾಪಿನಲ್ಲಿ ಎಫ್ ಕೀ ಒತ್ತಿದರೆ ಧ್ವನಿಯೋ ಬೆಳಕೋ ಬದಲಾಗುತ್ತಿದ್ದರೆ, ಎಫ್ಎನ್ ಕೀ ಹಿಡಿದುಕೊಂಡು ಒತ್ತಿ.

ಕನ್ನಡ ಟೈಪಿಂಗಿಗೆ ಬೇರೆ ಕೀಬೋರ್ಡ್ ಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಯಾವ ಕೀ ಒತ್ತಿದಿರಿ ಅಂತಷ್ಟೇ ಕೀಬೋರ್ಡ್ ತಿಳಿಸುತ್ತದೆ, ಅಕ್ಷರ ಯಾವುದು ಅಂತ ತೀರ್ಮಾನಿಸುವುದು ಕಂಪ್ಯೂಟರ್. ಕನ್ನಡ ಟೈಪಿಂಗಿನ "ನುಡಿ" ಪ್ರೋಗ್ರಾಮಿನಲ್ಲಿರುವ ಕೆ. ಪಿ. ರಾವ್ ಅವರ ಕೀ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್ ಅಕ್ಷರ. "ಅಕ್ಕ" ಬರೆಯಲು ಎ, ಕೆ, ಎಫ್, ಕೆ. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒತ್ತಕ್ಷರದ ಕೆಲಸ ಡಿ ಕೀಯದು, ಸ್ವರಗಳೆಲ್ಲ ಎಡಗೈಗೆ. ಇಂಗ್ಲಿಷ್ ಕೀಗಳ ನೆನಪಿನ ಮೇಲೆ ಟೈಪ್ ಮಾಡುವವರಿಗೆ ಮೊದಲನೆಯದೇ ಸುಲಭ ಅನ್ನುವುದು ನನ್ನ ಅಭಿಪ್ರಾಯ.

ಪಾಝ್, ಬ್ರೇಕ್ ಇತ್ಯಾದಿ ಕೀಗಳನ್ನು ಮರೆತುಬಿಡಿ. ಬಿಲ್ಲಿನಲ್ಲಿ ₹ ಚಿಹ್ನೆ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ. ಬರದಿದ್ದರೆ ನಿಮ್ಮ ವಿಂಡೋಸ್‌ನಲ್ಲಿ ಅಮೆರಿಕದ ಇಂಗ್ಲಿಷ್ ಕೀಬೋರ್ಡ್ ಇರುತ್ತದೆ. ಭಾಷೆಯ ಸೆಟ್ಟಿಂಗಿಗೆ ಹೋಗಿ ಇಂಡಿಯಾ ಇಂಗ್ಲಿಷ್ ಸೇರಿಸಿಕೊಳ್ಳಿ.