ಲುಕ್, ಸೀ, ವಾಚ್, ಸ್ಟೇರ್: ಹಕ್ಕಿ ಟಿಪ್ಪಣಿಗೆ ಯಾವುದು?

ಸರ್, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮಿಂಚುಳ್ಳಿಯನ್ನು ಹತ್ತು ನಿಮಿಷ ನೋಡಿದ್ದಕ್ಕೆ ನೀವು ಇಂಗ್ಲಿಷ್ ಟಿಪ್ಪಣಿಯಲ್ಲಿ ‘ಸ್ಟೇರ್ಡ್’ ಅಂತ ಬರೆದಿರಿ, ಯಾರೋ ತಪ್ಪು ಅಂದರು. ‘ಎಲ್ಲಾ ನೋಡೋದೇ ಅಲ್ವಾ, ಇಷ್ಟೊಂದು ಪದ ಯಾಕೆ?’ ಅನ್ನೋದು ನಿಮ್ಮ ಗೊಂದಲ.

ಕನ್ನಡದಲ್ಲೂ ಬರೀ ‘ನೋಡು’ ಸಾಲದು ಸರ್. ‘ಎಷ್ಟು ನೋಡಿದರೂ ಕಾಣಲಿಲ್ಲ’ ಅಂತೀವಲ್ಲ? ಲುಕ್ ಅಂದರೆ ನೋಡೋದು, ಸೀ ಅಂದರೆ ಕಾಣೋದು. ಆಲದ ಮರದ ಕಡೆ ದುರ್ಬೀನು ಹಿಡಿದರೆ ಲುಕ್. ಎಲೆ ಮರೆಯ ಕುಟ್ರುಹಕ್ಕಿ ಕಣ್ಣಿಗೆ ಬಿದ್ದರೆ ಸೀ.

ವಾಚ್ ಪದಕ್ಕೂ ಎಚ್ಚರಗೊಳ್ಳೋದು ಅನ್ನುವ ವೇಕ್ ಪದಕ್ಕೂ ಮೂಲ ಒಂದೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನಿದ್ದೆ ಮಾಡದೆ ಇರುವುದು ಎಂಬ ಅರ್ಥವಿತ್ತು. ವಾಚ್‌ಮನ್ ರಾತ್ರಿಯೆಲ್ಲ ಮಾಡುವ ಕೆಲಸವೂ ಅದೇ. ಮುಂದೆ ಏನಾಗುತ್ತೋ ಅಂತ ಎಚ್ಚರವಾಗಿ ಕಾಯುತ್ತಾ ನೋಡಿದರೆ ಅದು ವಾಚ್. ನಮ್ಮ ಹವ್ಯಾಸಕ್ಕೆ ಬರ್ಡ್ ವಾಚಿಂಗ್ ಅನ್ನುವ ಹೆಸರು ಎಷ್ಟು ಸರಿಯಾಗಿ ಒಪ್ಪುತ್ತದೆ ನೋಡಿ.

ಸ್ಟೇರ್ ಪದದ ಬೇರಿನಲ್ಲಿರುವುದು ಸೆಟೆದು ನಿಲ್ಲುವ ಅರ್ಥ. ಜರ್ಮನ್ ಭಾಷೆಯಲ್ಲಿ ‘ಶ್ಟಾರ್’ (starr) ಅಂದರೆ ಈಗಲೂ ಬಿರುಸಾದದ್ದು, ಮಣಿಯದ್ದು. ಕಳೆದ ವಾರ ನಮ್ಮೂರ ಕೆರೆ ಅಂಚಿನಲ್ಲಿ ಒಂದು ಕೊಳದ ಬಕ ಕೂತಿತ್ತು. ಕತ್ತು ಭುಜದೊಳಗೆ, ಕಾಲು ಕೆಸರಿನಲ್ಲಿ, ಹಳದಿ ಕಣ್ಣು ನೀರಿನ ಮೇಲೆ. ಗಾಳಿಗೆ ಜೊಂಡು ಅಲ್ಲಾಡಿದರೂ ಅದು ಅಲ್ಲಾಡಲಿಲ್ಲ. ಅದು ನೋಡಿ ಸ್ಟೇರ್! ಮನುಷ್ಯರ ವಿಷಯಕ್ಕೆ ಬಂದರೆ ಈ ಪದದಲ್ಲಿ ಬೆರಗು, ಸಿಟ್ಟು ಅಥವಾ ಸಭ್ಯತೆ ಬಿಟ್ಟು ದಿಟ್ಟಿಸುವ ಛಾಯೆ ಜಾಸ್ತಿ. ನಿಮ್ಮ ಸಾಲು ಅದಕ್ಕೇ ಸರಿ ಕಾಣಲಿಲ್ಲ.

ಗ್ಲಾನ್ಸ್ ಅರ್ಥವಾಗಬೇಕಾದರೆ ಕ್ರಿಕೆಟ್ ನೆನಪು ಮಾಡಿಕೊಳ್ಳಿ. ರಣಜಿತ್‌ಸಿಂಹಜಿಗೆ ಹೆಸರು ತಂದ ಲೆಗ್ ಗ್ಲಾನ್ಸ್ ಹೊಡೆತದಲ್ಲಿ ಚೆಂಡು ಬ್ಯಾಟಿಗೆ ಓರೆಯಾಗಿ ತಾಗಿ ಫೈನ್ ಲೆಗ್ ಕಡೆ ಜಾರುತ್ತದೆ. ಪದದ ಹಳೆಯ ಅರ್ಥವೂ ಅದೇ, ಆಯುಧ ಓರೆಯಾಗಿ ಬಡಿದು ಜಾರಿಹೋಗೋದು. ಕಣ್ಣು ಹಾಗೆ ತಾಗಿ ಜಾರಿದರೆ ಗ್ಲಾನ್ಸ್. ಗ್ಲಿಂಪ್ಸ್ ಬೇರೆ. ಅದು ಗ್ಲಿಮ್ಮರ್ ಪದದ ನೆಂಟ, ಮಿನುಗಿಗೆ ಸೇರಿದ್ದು. ಗ್ಲಾನ್ಸ್ ನೀವು ಮಾಡುವುದು, ಗ್ಲಿಂಪ್ಸ್ ನಿಮಗೆ ಸಿಗುವುದು. ಇವೆರಡನ್ನು ಅದಲುಬದಲು ಮಾಡುವವರು ತುಂಬಾ ಜನ.

ನನಗೆ ಎಲ್ಲಕ್ಕಿಂತ ಇಷ್ಟ ಸ್ಪೈ. ಕದ್ದು ನೋಡುವ ಈ ಪದ, ಇನ್‌ಸ್ಪೆಕ್ಟ್, ಸಸ್ಪೆಕ್ಟ್, ರೆಸ್ಪೆಕ್ಟ್ ಎಲ್ಲಕ್ಕೂ ‘ನೋಡು’ ಅನ್ನುವ ಒಂದೇ ಹಳೆಯ ಬೇರು. ಸಂಸ್ಕೃತದಿಂದ ನಮಗೆ ಬಂದ ‘ಸ್ಪಷ್ಟ’ವೂ ಅದೇ ಬೇರಿನದು. ಸ್ಪಷ್ಟ ಅಂದರೆ ಚೆನ್ನಾಗಿ ಕಂಡದ್ದು! ದಿನಾ ಆಡುವ ಮಾತೊಂದು ಅಷ್ಟು ದೂರದ ನೆಂಟಸ್ತನ ಇಟ್ಟುಕೊಂಡಿದೆ ಅಂತ ಗೊತ್ತಾದ ದಿನ ನನಗೆ ಹೊಸ ಹಕ್ಕಿ ಸಿಕ್ಕಷ್ಟೇ ಸಂತೋಷವಾಗಿತ್ತು.

ಈಗ ನಿಮ್ಮ ಸಾಲು. ಮಿಂಚುಳ್ಳಿ ಕೊಂಬೆ ಮೇಲಿದ್ದು, ಮೀನಿಗೆ ಧುಮುಕಿ, ಮತ್ತೆ ಬಂದು ಕೂತಿದ್ದನ್ನೆಲ್ಲ ನೋಡಿದ್ದರೆ ‘ವಾಚ್ಡ್’ ಅಂತ ತಿದ್ದಿ. ಇನ್ಯಾವತ್ತಾದರೂ ದುರ್ಬೀನು ಎತ್ತುವಷ್ಟರಲ್ಲಿ ಬರೀ ನೀಲಿ ಗೆರೆ ಕಂಡರೆ ‘ಕಾಟ್ ಎ ಗ್ಲಿಂಪ್ಸ್’ ಸಾಕು.