ಉಳಿಯ ಚೂರು ಕಣ್ಣಿಗೆ ಹೊಕ್ಕರೆ ಮೊದಲು ಏನು ಮಾಡಬೇಕು?

ಚಿತ್ರದುರ್ಗದ ಹತ್ತಿರ ಕಲ್ಲು ಕ್ವಾರಿಯಲ್ಲಿ ನಿಮ್ಮಣ್ಣ ಕೆಲಸ ಮಾಡುತ್ತಾರೆ, ಉಳಿಯ ಚೂರು ಸಿಡಿದು ಕಣ್ಣಿಗೆ ಹೊಕ್ಕರೆ ಏನು ಮಾಡೋದು ಅಂತ ಕೇಳಿದ್ದೀರಿ.

ಚೂರನ್ನು ಕೀಳಬೇಡಿ. ಉಜ್ಜಬೇಡಿ, ನೀರು ಹಾಕಬೇಡಿ. ಬಟ್ಟೆ ಒತ್ತಿ ಕಟ್ಟಲೇಬೇಡಿ. ಕಣ್ಣುಗುಡ್ಡೆ ಒಡೆದಿದ್ದರೆ ಸ್ವಲ್ಪ ಒತ್ತಿದರೂ ಒಳಗಿನದು ಹೊರಗೆ ಬರುತ್ತದೆ. ಪೇಪರ್ ಕಪ್ ಒಂದನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ ಟೇಪ್ ಹಚ್ಚಿ, 108ಕ್ಕೆ ಫೋನ್ ಮಾಡಿ. ನಮ್ಮ ಕಡೆ ಎದೆಹಾಲು, ಹರಳೆಣ್ಣೆ ಬಿಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ, ಸೋಂಕು ಹತ್ತುತ್ತದೆ. ಟೀ ಕೂಡ ಕೊಡಬೇಡಿ, ಅರಿವಳಿಕೆ ಕೊಟ್ಟು ಹೊಲಿಗೆ ಹಾಕಬೇಕಾಗಬಹುದು. ಈ ಹೊಲಿಗೆ 24 ಗಂಟೆಯೊಳಗೆ ಆದರೆ ಒಳ್ಳೆಯದು.

ಕಬ್ಬಿಣದ ಚೂರು ಅಂತ ಡಾಕ್ಟರಿಗೆ ಹೇಳಲೇಬೇಕು. ಆಗ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಎಂಆರ್‌ಐ ಮಾಡಿದರೆ ಅದರ ಅಯಸ್ಕಾಂತಕ್ಕೆ ಚೂರು ಒಳಗೇ ಸರಿದಾಡಬಹುದು.

ಮುಖಕ್ಕೂ ಜೋರಾಗಿ ಪೆಟ್ಟು ಬಿದ್ದು ಎಲ್ಲ ಎರಡೆರಡಾಗಿ ಕಂಡರೆ ಕಣ್ಣಿನ ಕೆಳಗಿನ ತೆಳು ಮೂಳೆ ಮುರಿದಿರಬಹುದು. ಉಸಿರಾಟ, ರಕ್ತಸ್ರಾವ ನೋಡಿದ ಮೇಲೆ ಸಾಮಾನ್ಯವಾಗಿ ಕಣ್ಣಿನ ಸರದಿ. ಮೂಳೆ ಕೂರಿಸುವುದು ಕೆಲವು ದಿನ ಕಾಯಬಹುದು.

ಸುಣ್ಣ ಬಿದ್ದರೆ ಮಾತ್ರ ಲೆಕ್ಕ ಬೇರೆ. ನಿಂತಲ್ಲೇ, ಅರ್ಧ ಗಂಟೆ, ಧಾರಾಳ ನೀರಲ್ಲಿ ತೊಳೆಯಿರಿ.