ಓದುಗರ ಪ್ರಶ್ನೆ: ಹೋಟೆಲಿನಲ್ಲಿ ತಿಂಡಿ ಹೇಳುವ ರೀತಿ

ಪ್ರಶ್ನೆ: ನಮ್ಮ ಮನೆಯವರು ಹೋಟೆಲಿನಲ್ಲಿ ಒಬ್ಬೊಬ್ಬರಾಗಿ ತಿಂಡಿ ಹೇಳಿ, ಮತ್ತೆ ಬದಲಾಯಿಸುತ್ತಾರೆ. ಸಪ್ಲೈಯರ್ ಮುಖ ಗಂಟಿಕ್ಕಿದರೆ ಗದರುತ್ತಾರೆ. ಇದು ಸರಿಯೇ?
– ಗೃಹಿಣಿ, ಮೈಸೂರು

ಉತ್ತರ: ಖಂಡಿತ ಸರಿಯಲ್ಲ. 1943ರಲ್ಲಿ ಆರಂಭವಾದ ಬೆಂಗಳೂರಿನ ವಿದ್ಯಾರ್ಥಿ ಭವನದಲ್ಲಿ, ಸಪ್ಲೈಯರ್ ಹಲವು ಮೇಜುಗಳಿಗೆ ಬೇಕಾದ ದೋಸೆಯ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಸಾಲಾಗಿ ಪೇರಿಸಿಕೊಂಡು ತರುವುದನ್ನು ನೀವು ನೋಡಿರಬಹುದು. ಅಂಥ ಕಡೆ, ಕಾವಲಿಯ ಮೇಲೆ ಹಿಟ್ಟು ಹುಯ್ದಾದ ನಂತರ ‘ಮಸಾಲೆ ಬೇಡ, ಸೆಟ್ ದೋಸೆ ಇರಲಿ’ ಎಂದರೆ ಕೆಡುವುದು ಒಂದು ದೋಸೆಯಷ್ಟೇ ಅಲ್ಲ, ಪಕ್ಕದ ಮೇಜಿನವರ ಸರದಿಯೂ ಕೆಡುತ್ತದೆ. ಸಪ್ಲೈಯರ್ ಬರುವ ಮೊದಲೇ ಎಲ್ಲರೂ ಮಾತಾಡಿಕೊಂಡು, ಮೊಬೈಲ್ ಕೆಳಗಿಟ್ಟು, ಒಬ್ಬರೇ ಎಲ್ಲವನ್ನೂ ಹೇಳಲಿ. ಈರುಳ್ಳಿ ಬೇಡವೆಂಬುದನ್ನೂ ಕಾಫಿ ಬೈ ಟು ಎಂಬುದನ್ನೂ ಆಗಲೇ ತಿಳಿಸಲಿ. ಚಿಟಿಕೆ ಹೊಡೆದು, ಏಕವಚನದಲ್ಲಿ ಕರೆಯುವುದಂತೂ ಅಕ್ಷಮ್ಯ. ವಯಸ್ಸಿನಲ್ಲಿ ಎಷ್ಟೇ ಚಿಕ್ಕವರಾಗಿದ್ದರೂ ‘ಸ್ವಲ್ಪ ಬನ್ನಿ’ ಎಂದೇ ಕರೆಯಬೇಕು.

ಸಪ್ಲೈಯರ್ ಕಡೆಯಿಂದಲೂ ಎರಡು ಕೆಲಸ ಆಗಬೇಕು: ಮುಗಿದುಹೋದ ತಿಂಡಿ ಯಾವುದೆಂದು ಮೊದಲೇ ತಿಳಿಸುವುದು, ಗಿರಾಕಿ ಹೇಳಿದ್ದನ್ನು ಅಡುಗೆಮನೆಗೆ ಹೋಗುವ ಮುನ್ನ ಒಮ್ಮೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು.